ಸರಪಳಿ ಪ್ರಾರ್ಥನೆಯಲ್ಲಿ ನನ್ನ ಹೆಸರು

ಹುಬ್ಬಳ್ಳಿ
3 ಜುಲೈ 2025

ಚಿಗವ್ವ,

ನಾನು ನಿಮ್ಮೊಬ್ಬರಿಗೆ ಹೇಳಿಕೊಂಡ ಭಯವನ್ನು ನೀವು ನಿಮ್ಮ ಚರ್ಚಿನ ಇಡೀ ಸಭೆಗೆ ಹಂಚಿದಿರಿ. ಇದು ತಪ್ಪು. ಪ್ರೀತಿಯಿಂದ ಮಾಡಿದೆ ಎಂದರೂ ತಪ್ಪು, ಪ್ರಾರ್ಥನೆಗಾಗಿ ಮಾಡಿದೆ ಎಂದರೂ ತಪ್ಪು.

ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು "ಸ್ವಾಮೀ, ಈ ಮಗಳನ್ನ ನೋಡು" ಎಂದು ಶುರು ಮಾಡುತ್ತೀರಿ. ಪ್ರಾರ್ಥಿಸುತ್ತಿರುವವರ ಮೇಲೆ ಹೇಗೆ ರೇಗುವುದು? ಕಾಗದದಲ್ಲಿ ನೀವು ನಡುವೆ ಬಾಯಿ ಹಾಕುವಂತಿಲ್ಲ. ಬೀದರಿಗೆ ತಲುಪಲು ಮೂರ್ನಾಲ್ಕು ದಿನ ಬೇಕಂತೆ. ಬೇಕಾಗಲಿ.

ಮೊನ್ನೆ ಹೆಡ್ಮಾಸ್ತರರು ನನ್ನನ್ನು ಕೋಣೆಗೆ ಕರೆಸಿದರು. ಅರ್ಜಿ ಕೊಟ್ಟಂದಿನಿಂದ ನನ್ನ ಮುಖ ನೋಡದಿದ್ದವರು ಅವತ್ತು ಕುರ್ಚಿ ತೋರಿಸಿದರು. ಚಹಾ ತರಿಸಿದರು.

"ಏನ್ರಿ ಟೀಚರ್, ನಿದ್ದಿ ಹತ್ತವಲ್ದಂತಲ್ಲ ನಿಮಗ?"

ಚಹಾದ ಕಪ್ಪನ್ನು ಮೇಜಿನ ಮೇಲೆ ಇಟ್ಟೆ.

"ಎದಿ ಬಡಕೋತೈತಂತ. ಕೈ ನಡಗತಾವಂತ. ಅರ್ಜಿ ಹಿಂದಕ್ಕ ತಗೊಂಡರ ಹೆಂಗ ಅಂತ ಮನಸ್ಸಿನ್ಯಾಗ ಐತಂತ. ತಗೋರಿ, ಅದಕೇನಾತು? ನಾವೇನು ಹೊರಗಿನವರೇನ್ರಿ?"

"ಯಾರು ಹೇಳಿದ್ರಿ ನಿಮಗ?"

"ಯಾರು ಹೇಳಿಲ್ಲ ಅಂತ ಕೇಳ್ರಿ! ಊರ ತುಂಬ ನಿಮ್ಮ ಸಲುವಾಗಿ ಪ್ರಾರ್ಥನಾ ನಡದೈತಿ" ಎಂದು ನಕ್ಕರು.

ಹೇಗೆ ನಡೆಯಿತೆಂದು ಆಮೇಲೆ ಪತ್ತೆ ಮಾಡಿದೆ. ನಮ್ಮ ಶಾಲೆಯ ವ್ಯಾನ್ ಓಡಿಸುವ ಅರ್ಜುನಪ್ಪನವರ ಹೆಂಡತಿ ಶಿವಬಸವ್ವ, ನೀವು ಹುಬ್ಬಳ್ಳಿಯಲ್ಲಿದ್ದಾಗಿನ ಗೆಳತಿ, ಇವತ್ತಿಗೂ ನಿಮ್ಮ ಸರಪಳಿ ಪ್ರಾರ್ಥನೆಯಲ್ಲಿದ್ದಾರೆ. ಒಂದು ಮನೆಗೆ ಒಂದು ಗಂಟೆ. ಗಂಟೆ ಮುಗಿದ ಕೂಡಲೇ ಮುಂದಿನ ಮನೆಗೆ ಫೋನು, ಫೋನಿನ ಜೊತೆಗೆ ಪ್ರಾರ್ಥನೆಯ ವಿಷಯ. ಬೀದರಿನಲ್ಲಿ ಹೊರಟ ನನ್ನ ಭಯ ಕಲಬುರಗಿ ದಾಟಿ, ಬಾಗಲಕೋಟೆ ದಾಟಿ, ಶಿವಬಸವ್ವನವರ ಮನೆಗೆ ಬಂತು. ಅವರು ಮೊಣಕಾಲೂರಿ ಗಟ್ಟಿಯಾಗಿ ಪ್ರಾರ್ಥಿಸಿದರು. ಗಂಡ ಕೇಳಿಸಿಕೊಂಡರು. ಮರುದಿನ ವ್ಯಾನ್ ನಿಲ್ಲಿಸಿ ಹೆಡ್ಮಾಸ್ತರರಿಗೆ ಹೇಳಿದರು: "ಪಾಪ, ಜಯಮಾಲಾ ಟೀಚರಿಗೆ ಭಾಳ ತ್ರಾಸ ಆಗೇತ್ರಿ ಸರ್." ಕೆಟ್ಟ ಮನಸ್ಸಿನಿಂದಲ್ಲ, ಮರುಕದಿಂದ. ನಿಮ್ಮೆಲ್ಲರ ಮರುಕ ಸೇರಿ ನನ್ನ ಸೊಂಟ ಮುರಿಯಿತು.

ವಿಷಯ ಏನೆಂದು ಫೋನಿನಲ್ಲಿ ಹೇಳಿದ್ದೆ. ನೀವು ನನ್ನ ಅಳುವನ್ನಷ್ಟೇ ಕೇಳಿಸಿಕೊಂಡಿರಬಹುದು, ಮತ್ತೊಮ್ಮೆ ಬರೆಯುತ್ತೇನೆ. ನಮ್ಮ ಶಾಲೆಯಲ್ಲಿ ಶನಿವಾರ ಶ್ರಮದಾನ. ಕೆಲವು ಮಕ್ಕಳು ಗಿಡಗಳಿಗೆ ನೀರು ಹಾಕುತ್ತಾರೆ, ಕೆಲವರು ಬೋರ್ಡು ಒರೆಸುತ್ತಾರೆ. ಪಾಯಖಾನೆಗೆ ಮಾತ್ರ ಪ್ರತಿ ವಾರವೂ ಒಂದೇ ಓಣಿಯ ಹುಡುಗಿಯರು. ನಮ್ಮ ಜನರ ಓಣಿ. ಈ ವರ್ಷ ಶಾಲೆ ಶುರುವಾದ ಹೊಸದರಲ್ಲೇ ಆರನೆಯ ತರಗತಿಯ ಋತುಜಾಳ ಕೈಗೆ ಆಸಿಡ್ ಬಾಟಲಿ ಕೊಟ್ಟರು. ಎರಡೂ ಅಂಗೈಗಳ ಚರ್ಮ ಸುಲಿದು ಹೋಯಿತು. ನಾನು ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟೆ. ಆಗಸ್ಟ್ 18ಕ್ಕೆ ಧಾರವಾಡದಲ್ಲಿ ವಿಚಾರಣೆ ಇಟ್ಟಿದ್ದಾರೆ. ಋತುಜಾ ಮತ್ತು ಅವಳ ಅಪ್ಪ ದುರಗಪ್ಪನವರು ಅಲ್ಲಿಗೆ ಬಂದು ಬಾಯಿ ಬಿಟ್ಟು ಹೇಳಬೇಕು. ಅವರು ಬರದಿದ್ದರೆ ನನ್ನ ಅರ್ಜಿ ಬರೀ ಕಾಗದ.

ಅವರಿಗೆ ನಾನು ದಿನಾ ಹೇಳುತ್ತಿದ್ದುದು ಒಂದೇ ಮಾತು: "ಅಂಜಬ್ಯಾಡ್ರಿ. ನನ್ನ ನೋಡ್ರಿ, ನಾ ಅಂಜೇನೇನು?"

ಆ ಮಾತನ್ನು ನೀವು ಸುಳ್ಳು ಮಾಡಿದಿರಿ.

ಜಯಮಾಲಾ


ಬೀದರ
9 ಜುಲೈ 2025

ಮಗಳು ಜಯಾಗೆ ನಿನ್ನ ಚಿಗವ್ವ ಸುಮಲತಾ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಬಂತು. ಸಮವಸ್ತ್ರಗಳ ಹಂಗಾಮು, ಮನೆ ತುಂಬ ನೀಲಿ ಬಟ್ಟೆ. ಹೊಲಿಗೆ ನಿಲ್ಲಿಸಿ ಮೂರು ಸಲ ಓದಿದೆ. ನನಗೆ "ನೀವು" ಎಂದು ಬರೆದಿದ್ದೀಯ. ನಿಮ್ಮವ್ವ ತೀರಿಕೊಂಡ ವರ್ಷ ನಿನ್ನನ್ನು ನನ್ನ ಮನೆಗೆ ಕರೆತಂದಾಗಲೂ ಎಂಟು ದಿನ "ನೀವು, ನೀವು" ಎಂದೆ. ಒಂಬತ್ತನೆಯ ದಿನ "ಚಿಗವ್ವ, ನೀ ಮಾಡಿದ ಸಾರು ಛಲೋ ಐತಿ" ಎಂದೆ. ನಾನು ಕಾಯಬಲ್ಲೆ.

ನಿನಗೆ ನೋವಾಗಿದೆ. ಅದು ನನಗೂ ನೋವು. ಆದರೆ ಜಯಾ, ಒಂದೇ ಎದೆಯಲ್ಲಿಟ್ಟ ಭಯ ಭಾರ. ನಮ್ಮಲ್ಲಿ ಅದನ್ನು ಎತ್ತಿ ಕೈಯಿಂದ ಕೈಗೆ ಕೊಡುತ್ತೇವೆ. ನಿನ್ನ ಚಿಗಪ್ಪ ಆಸ್ಪತ್ರೆಯಲ್ಲಿದ್ದಾಗ ನನ್ನನ್ನು ಉಳಿಸಿದ್ದು ಇದೇ ಸರಪಳಿ. ಗಂಟೆಗೊಂದು ಮನೆ ನಿನ್ನ ಹೆಸರು ಹೇಳಿ ಮೊಣಕಾಲೂರಿತು ಎಂಬುದನ್ನೂ ಸ್ವಲ್ಪ ನೆನೆ. ಹೆಡ್ಮಾಸ್ತರರಿಗೆ ಗೊತ್ತಾದದ್ದನ್ನೂ ದೇವರು ಒಳ್ಳೆಯದಕ್ಕೇ ತಿರುಗಿಸುತ್ತಾನೆ.

ನೀನು ಹದಿನೆಂಟನೆಯ ತಾರೀಖಿಗೆ ಈಗಲೇ ಹೋಗಿ ಕೂತಿದ್ದೀಯ. ಆ ದಿನ ಇನ್ನೂ ಹುಟ್ಟಿಲ್ಲ. ಹುಟ್ಟದ ದಿನದಲ್ಲಿ ಹೋಗಿ ಕೂತರೆ ಅಲ್ಲಿ ನಿನ್ನ ಜೊತೆಗೆ ಯಾರೂ ಇರುವುದಿಲ್ಲ, ದೇವರೂ ಇರುವುದಿಲ್ಲ. ಆತನು ಇರುವುದು ಇವತ್ತಿನಲ್ಲಿ. ನಾನು ಹೊಲಿಯುವಾಗ ಕಣ್ಣು ಸೂಜಿಯ ಕೆಳಗಿರಬೇಕು. ಹೊಲಿಗೆ ಮುಗಿಯುವ ಜಾಗವನ್ನು ನೋಡುತ್ತ ಕೂತರೆ ಬೆರಳೇ ಸೂಜಿಗೆ ಸಿಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ನಂಬರು ಬಿಡಿಸು.

ಚಿಗವ್ವ


ಹುಬ್ಬಳ್ಳಿ
14 ಜುಲೈ 2025

ಚಿಗವ್ವ,

ನಿಮ್ಮ ಸೂಜಿಯ ಮಾತನ್ನು ಋತುಜಾಳಿಗೆ ಹೇಳಲೇ? "ನೋಡವ್ವ, ನಾಳೆಯ ಚಿಂತೆ ಬಿಡು, ಕಣ್ಣು ಇವತ್ತಿನ ಮೇಲಿರಲಿ" ಎನ್ನಲೇ? ಅವಳ ಇವತ್ತು ಎಂದರೆ ಆಸಿಡ್ಡಿನ ವಾಸನೆ. ಅವಳಿಗೆ ಬೇಕಿರುವುದು ಇವತ್ತಿನಂತಿರದ ಒಂದು ನಾಳೆ. ನಾಳೆಯ ಬಗ್ಗೆ ಯೋಚಿಸಬೇಡ ಎಂಬ ಉಪದೇಶ ನಾಳೆ ಗಟ್ಟಿಯಾಗಿರುವವರಿಗೆ ಸುಲಭ. ಹೆಡ್ಮಾಸ್ತರರು ನಾಳೆಯ ಬಗ್ಗೆ ಯೋಚಿಸುವುದೇ ಇಲ್ಲ, ಹಾಗಾದರೆ ಅವರು ದೊಡ್ಡ ವಿಶ್ವಾಸಿಗಳೇ?

ನಾನು ಓದಿದ್ದೆಲ್ಲ ಹತ್ತು ರೂಪಾಯಿಯ ಕಿರುಹೊತ್ತಿಗೆಗಳು. ಅಪ್ಪ ದಲಿತ ಹೋರಾಟದ ಮೆರವಣಿಗೆಗಳಿಂದ ತಂದವು ಕೆಲವು, ನಿಮ್ಮ ಚರ್ಚಿನ ಬಾಗಿಲಲ್ಲಿ ಪುಕ್ಕಟೆ ಕೊಟ್ಟವು ಕೆಲವು. ಎರಡನ್ನೂ ಒಂದೇ ಟ್ರಂಕಿನಲ್ಲಿಟ್ಟು ಓದಿ ಬೆಳೆದೆ. ನನ್ನ ಯೇಸು ದೇವಾಲಯದಲ್ಲಿ ವ್ಯಾಪಾರಿಗಳ ಮೇಜುಗಳನ್ನು ಬೋರಲು ಹಾಕಿದವನು. ನೀವು ಅವನನ್ನು ಗೋಡೆಗೆ ತೂಗುಹಾಕಿ, ಅವನ ಕೆಳಗೆ ಹಾಸಿಗೆ ಹಾಸಿ ಸುಖವಾಗಿ ಮಲಗಿದ್ದೀರಿ. ನಾನು ನಂಬಿಕೆ ಬಿಟ್ಟವಳೆಂದು ತಿಳಿಯಬೇಡಿ. ನಂಬಿದ್ದಕ್ಕೇ ನನಗೆ ಇಷ್ಟು ಸಿಟ್ಟು.

ದೇವರು ಒಳ್ಳೆಯದಕ್ಕೆ ತಿರುಗಿಸುತ್ತಾನೆ ಎಂದಿರಿ. ಏನು ತಿರುಗಿಸಿದನೆಂದು ಕೇಳಿ.

ಶುಕ್ರವಾರ ನನಗೊಂದು ನೋಟಿಸು ಬಂತು. ನನ್ನ ಮಾನಸಿಕ ಆರೋಗ್ಯದ ಬಗ್ಗೆ ಆಡಳಿತ ಮಂಡಳಿಗೆ ಕಳವಳವಾಗಿದೆಯಂತೆ. ಡಾಕ್ಟರ ಸರ್ಟಿಫಿಕೇಟು ತರಬೇಕಂತೆ. ಹದಿನೆಂಟಕ್ಕೆ ಅವರೇನು ಹೇಳಲಿದ್ದಾರೆಂದು ತಿಳಿಯಿತಲ್ಲ? ಆ ಟೀಚರ್ ಸರಿಯಿಲ್ಲ, ನಿದ್ದೆಯಿಲ್ಲದೆ ಏನೇನೋ ಕಾಣುತ್ತಾಳೆ, ಅರ್ಜಿಯೂ ಹಾಗೇ ಹುಟ್ಟಿದ್ದು. ಈ ಅಸ್ತ್ರವನ್ನು ಅವರ ಕೈಗೆ ಕೊಟ್ಟವರು ನೀವು.

ನಿನ್ನೆ ದುರಗಪ್ಪನವರ ಮನೆಗೆ ಹೋಗಿದ್ದೆ. ಅವರು ದುರ್ಗದಬೈಲಿನ ಕಾಳಿನ ಅಂಗಡಿಯೊಂದರಲ್ಲಿ ಮೂಟೆ ಹೊರುತ್ತಾರೆ. ರವಿವಾರ ಮನೆಯಲ್ಲಿರುತ್ತಾರೆ. ಯಾವಾಗಲೂ "ಬರ್ರಿ ಬರ್ರಿ" ಎಂದು ಎದ್ದು ನಿಲ್ಲುವವರು ನಿನ್ನೆ ಕೂತೇ ಇದ್ದರು.

"ಟೀಚರ್ರ, ಒಂದು ಮಾತು. ಖರೇ ಹೇಳ್ರಿ. ನೀವು ಅಂಜಾಕತ್ತೀರಂತ?"

"ಯಾರು ಹೇಳಿದ್ರು?"

"ಯಾರರ ಹೇಳವಲ್ರಾಕ. ಹೌದೋ ಅಲ್ಲೋ?"

"ಅಲ್ಲ. ಸುಳ್ಳು."

ಅವರ ಹೆಂಡತಿ ಗುಡ್ಡವ್ವ ಆಗಷ್ಟೇ ನನ್ನ ಕೈಗೆ ಚಹಾ ಕೊಟ್ಟಿದ್ದರು. ಕಪ್ಪು ಕೆಳಗಿನ ಬಸಿಗೆ ಬಡಿದು ಕಟಕಟ ಸಪ್ಪಳ ಮಾಡುತ್ತಿತ್ತು. ನಾನು ಎಷ್ಟು ಗಟ್ಟಿಯಾಗಿ ಹಿಡಿದರೂ ನಿಲ್ಲಲಿಲ್ಲ. ಗಂಡ, ಹೆಂಡತಿ, ಋತುಜಾ, ಆ ಮೂರು ಜನ ನನ್ನ ಮುಖ ನೋಡಲಿಲ್ಲ, ಕಪ್ಪನ್ನೇ ನೋಡಿದರು.

"ನೀವು ಹೋಗಿ ಬರ್ರಿ" ಎಂದರು ದುರಗಪ್ಪನವರು. "ಧಾರವಾಡದ ವಿಚಾರ ಆಮ್ಯಾಲ ನೋಡೂಣು."

ಆಮೇಲೆ ನೋಡೋಣ ಎಂದರೆ ನಮ್ಮ ಕಡೆ ಇಲ್ಲ ಎಂದು ಅರ್ಥ. ನಿಮಗೆ ಗೊತ್ತು.

ಈಗ ನೀವು ಒಂದು ಕೆಲಸ ಮಾಡಬೇಕು. ಒಂದು ಹಾಳೆಯ ಮೇಲೆ ಹೀಗೆ ಬರೆಯಿರಿ: "ನನ್ನ ಅಕ್ಕನ ಮಗಳು ಜಯಮಾಲಾ ತನಗೆ ಭಯವಾಗಿದೆಯೆಂದು ನನಗೆ ಎಂದೂ ಹೇಳಿಲ್ಲ. ನಾನೇ ತಪ್ಪು ತಿಳಿದು ಸಭೆಯಲ್ಲಿ ಹೇಳಿದೆ." ಕೆಳಗೆ ಸಹಿ ಮಾಡಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ನಾನು ಅದನ್ನು ದುರಗಪ್ಪನವರಿಗೂ ತೋರಿಸುತ್ತೇನೆ, ವಿಚಾರಣೆಯಲ್ಲೂ ಕೊಡುತ್ತೇನೆ. ಮಾಡಿದ್ದನ್ನು ಸರಿಪಡಿಸಲು ನಿಮಗಿರುವ ದಾರಿ ಇದೊಂದೇ.

ಜಯಮಾಲಾ


ಬೀದರ
21 ಜುಲೈ 2025

ಜಯಾ,

ನೀನು ಹೇಳಿದಂತೆ ಬರೆಯಲು ಕೂತೆ. "ನನ್ನ ಅಕ್ಕನ ಮಗಳು" ಎಂಬಲ್ಲಿಗೆ ಕೈ ನಿಂತಿತು. ಹಾಳೆ ಹರಿದೆ. ಮರುದಿನ ಮತ್ತೆ ಕೂತೆ, ಮತ್ತೆ ಹರಿದೆ.

ಬರೆಯಲಾರೆ, ಮಗಳೇ. ನೀನು ಅವತ್ತು ನನ್ನ ಕಿವಿಯಲ್ಲಿ ಅತ್ತದ್ದು ನಿಜ. "ಚಿಗವ್ವ, ನನಗ ಆಗೂದಿಲ್ಲ, ಬಿಟ್ಟು ಬಿಡಲಿ ಏನು" ಎಂದದ್ದು ನಿಜ. ಆ ಭಯ ಇರಲೇ ಇಲ್ಲ ಎಂದು ನಾವಿಬ್ಬರೂ ಬರೆದುಕೊಟ್ಟರೆ, ಆ ಸುಳ್ಳನ್ನು ಕಾಯಲು ನೀನು ಇನ್ನೊಂದು ಭಯ ಸಾಕಬೇಕಾಗುತ್ತದೆ. ಹದಿನೆಂಟಕ್ಕೆ ಯಾರಾದರೂ ಬೈಬಲಿನ ಮೇಲೆ ಕೈಯಿಟ್ಟು ಹೇಳು ಎಂದರೆ ನಾನೇನು ಮಾಡಲಿ?

ಬೇಕಾದರೆ ನಾನೇ ಬಂದು ನಿಲ್ಲುತ್ತೇನೆ. ಹೆದರಿದ್ದಳು, ಆದರೂ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಎಂದು ಹೇಳುತ್ತೇನೆ. ಅದಷ್ಟೇ ನನ್ನ ಬಳಿ ಇರುವುದು.

ಇಲ್ಲಿ ನನಗೊಂದು ಕೆಲಸ ಬಾಕಿಯಿದೆ. ಅದನ್ನು ಮುಗಿಸಿ ಮತ್ತೆ ಬರೆಯುತ್ತೇನೆ.

ಚಿಗವ್ವ


ಹುಬ್ಬಳ್ಳಿ
26 ಜುಲೈ 2025

ಚಿಗವ್ವ,

ನಿಮ್ಮ ಕೆಲಸ ಮುಗಿಸಿಕೊಳ್ಳಿ. ಸಮವಸ್ತ್ರದ ಗಿರಾಕಿಗಳು ಕಾಯುತ್ತಿರಬಹುದು.

ನನ್ನ ಗುಟ್ಟನ್ನು ಊರೂರಿಗೆ ಕಳಿಸುವಾಗ ನಿಮ್ಮ ಕೈ ನಿಲ್ಲಲಿಲ್ಲ. ನನ್ನನ್ನು ಉಳಿಸಲು ಎರಡು ಸಾಲು ಬರೆಯಿರಿ ಎಂದಾಗ ಕೈ ನಿಂತಿತು, ಹಾಳೆ ಹರಿಯಿತು, ಬೈಬಲು ನೆನಪಾಯಿತು. ನಿಮ್ಮ ಸತ್ಯ ಬಹಳ ಶುಭ್ರವಾಗಿದೆ. ಅದನ್ನು ಒಗೆದದ್ದು ನನ್ನ ಕಣ್ಣೀರಿನಲ್ಲಿ.

ಧಾರವಾಡಕ್ಕೆ ಬರಬೇಡಿ. ನಾನು ಹೆದರಿದ್ದೆನೆಂದು ಹೇಳಲು ನೀವು ಬೀದರಿನಿಂದ ಬರಬೇಕಿಲ್ಲ, ಹೆಡ್ಮಾಸ್ತರರು ಇಲ್ಲೇ ಇದ್ದಾರೆ.

ಪ್ರಾರ್ಥನೆಯಿಂದ ನನ್ನ ಹೆಸರು ತೆಗೆಯಿರಿ. ಇದು ಕೋಪದ ಮಾತಲ್ಲ, ನನ್ನ ಹಕ್ಕು.

ಜಯಮಾಲಾ


ಬೀದರ
1 ಆಗಸ್ಟ್ 2025

ಜಯಾ,

ಸಭೆಯ ಪ್ರಾರ್ಥನೆಯಿಂದ ನಿನ್ನ ಹೆಸರು ತೆಗೆಸಿದ್ದೇನೆ. ನನ್ನೊಬ್ಬಳ ಪ್ರಾರ್ಥನೆಯಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನೂ ಬಿಡು ಎನ್ನಬೇಡ.

ನೀನು ಕರೆಯದೆ ಬರುವುದಿಲ್ಲ.

ಚಿಗವ್ವ


ಹುಬ್ಬಳ್ಳಿ
9 ಆಗಸ್ಟ್ 2025

ಚಿಗವ್ವ,

ನೀನು ವಿಚಿತ್ರ ಹೆಂಗಸು. ನನ್ನ ವಿಷಯವನ್ನು ಊರಿಗೆಲ್ಲ ಹೇಳುತ್ತೀ, ನನಗೊಬ್ಬಳಿಗೆ ಬಿಟ್ಟು. ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಆದರೆ ಈ ಸಿಟ್ಟು ಬೇರೆ.

ಮಂಗಳವಾರ ಸಂಜೆ ಶಿವಬಸವ್ವನವರು ನನ್ನ ಕೋಣೆಯ ಬಾಗಿಲಿಗೆ ಬಂದರು. ನಾನು ಒಳಗೆ ಕರೆಯಲಿಲ್ಲ. ಅವರು ಹೊಸ್ತಿಲಲ್ಲೇ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಬೈದು ಬಿಡ್ರಿ ಟೀಚರ್. ನಿಂತ ಬೈಸ್ಕೋತೇನಿ. ಮೊಣಕಾಲು ನೂಸಾಕತ್ತಾವು, ಆದ್ರ ನಿಂತ ಬೈಸ್ಕೋತೇನಿ."

"ನಿಮಗ ಬೈಯೂದು ಏನೈತ್ರಿ. ನಮ್ಮ ಚಿಗವ್ವ ಮಾಡಿದ್ದು."

"ಆಕಿನ ನನಗ ಫೋನ್ ಮಾಡಿದ್ಲ್ರಿ! ನನಗಷ್ಟ ಅಲ್ಲ, ಸರಪಳ್ಯಾಗ ಇದ್ದ ಎಲ್ಲಾ ಮನಿಗೂ, ಒಬ್ಬೊಬ್ಬರಿಗೂ. 'ಪ್ರಾರ್ಥನಾ ಅಂತ ಹೇಳಿ ನಾ ಒಂದು ಹುಡುಗಿ ಮಾನಾ ಹಂಚೀನಿ. ಆಕಿನ್ನ ಕೇಳದ ಹೇಳೀನಿ. ಇದು ಪಾಪ. ನಿಮ್ಮ ಕಿವ್ಯಾಗ ಹಾಕಿದ್ದು ನನ್ನ ತಪ್ಪು, ನೀವು ಬಾಯಿ ಕಟ್ಟಿಕೋರಿ' ಅಂತ. ಅಲ್ಲಿ ಬೀದರದಾಗ ಸಭಾದ ಮುಂದ ಎದ್ದು ನಿಂತು ಹೇಳ್ಯಾಳಂತ. ಕೆಲವರು ಸಿಟ್ಟಿಗೆದ್ದಾರಂತ. ಇನ್ನ ಮ್ಯಾಲೆ ಈಕಿ ಸರಪಳ್ಯಾಗ ಬ್ಯಾಡ ಅಂದಾರಂತ."

"ಅಂದ್ರ ತಗದು ಹಾಕಿದ್ರೇನು?"

"ಹ್ಞೂಂ. ಇಪ್ಪತ್ತು ವರ್ಷದಿಂದ ನಡಿಸ್ಕೊಂಡು ಬಂದಾಕಿ. ನಿಮಗ ಹೇಳಿಲ್ಲೇನು?"

ಹೇಳಿಲ್ಲ. "ಒಂದು ಕೆಲಸ ಬಾಕಿಯಿದೆ" ಎಂದು ಬರೆದೆ, ನಾನು ಅದಕ್ಕೆ ಸಮವಸ್ತ್ರದ ಗಿರಾಕಿಗಳೆಂದು ಚುಚ್ಚಿದೆ. ಅದನ್ನೂ ನುಂಗಿ ನಾಲ್ಕು ಸಾಲಿನ ಕಾಗದ ಕಳಿಸಿದೆ. ಹೇಳಬೇಕಾದ್ದನ್ನು ಹೇಳಬೇಕಾದವರಿಗೆ ಹೇಳುವುದನ್ನು ನೀನು ಯಾವಾಗ ಕಲಿಯುತ್ತೀ?

ಶಿವಬಸವ್ವನವರು ಹೋಗುವಾಗ ಇನ್ನೊಂದು ಮಾತು ಹೇಳಿದರು. ಗಂಡನಿಗೆ ಬೈದರಂತೆ: "ನಿನ್ನ ವ್ಯಾನಿಗಷ್ಟ ಬ್ರೇಕ್ ಐತೇನು, ಬಾಯಿಗೆ ಇಲ್ಲೇನು?" ಅವತ್ತಿನಿಂದ ಅರ್ಜುನಪ್ಪನವರು ನನ್ನನ್ನು ಕಂಡರೆ ತಲೆ ತಗ್ಗಿಸಿ ವ್ಯಾನಿನ ಟೈರು ಒದ್ದು ನೋಡುತ್ತಾರೆ. ನನಗೆ ನಗು ಬಂತು. ತಿಂಗಳ ಮೇಲಾಗಿತ್ತು ನಕ್ಕು.

ಆದರೆ ನಗುವುದರಿಂದ ದುರಗಪ್ಪನವರು ಬರುವುದಿಲ್ಲವಲ್ಲ. ಗುರುವಾರ ಮತ್ತೆ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಭಾಷಣ ಕಟ್ಟಿದೆ. ಹಕ್ಕು, ಘನತೆ, ನಮ್ಮ ಹಿರಿಯರ ಹೋರಾಟ, ಟ್ರಂಕಿನಲ್ಲಿದ್ದ ಹೊತ್ತಿಗೆಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಎದೆ ಮಾತ್ರ ಮೊದಲಿನ ಹಾಗೆಯೇ ಬಡಿದುಕೊಳ್ಳುತ್ತಿತ್ತು. ಅವರು ಇಲ್ಲವೆಂದರೆ? ಹದಿನೆಂಟಕ್ಕೆ ನಾನೊಬ್ಬಳೇ ನಿಂತರೆ? ನನಗೆ ಹುಚ್ಚೆಂದು ಬರೆದುಬಿಟ್ಟರೆ? ಕೆಲಸ ಹೋದರೆ? ಋತುಜಾಳ ಶಾಲೆ ಬಿಡಿಸಿದರೆ? ಒಂದರ ಹಿಂದೆ ಒಂದು.

ಮನೆಯಲ್ಲಿ ಋತುಜಾ ಒಬ್ಬಳೇ ಇದ್ದಳು. ಅಪ್ಪ ಅಂಗಡಿಯಿಂದ ಬಂದಿರಲಿಲ್ಲ, ಗುಡ್ಡವ್ವ ನೀರಿಗೆ ಹೋಗಿದ್ದರು. ಕಟ್ಟೆಯ ಮೇಲೆ ಕೂತೆ. ಅವಳು ಬಂದು ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದಳು.

"ಟೀಚರ್, ಹೊಸಾ ತೊಗಲು ಬಂದೈತಿ ನೋಡ್ರಿ. ಭಾಳ ತುರಸ್ತೈತ್ರಿ. ಕೆರಕೊಂಡ್ರ ಅವ್ವ ಹೊಡಿತಾಳ. ಊದ್ರಿ."

ಊದಿದೆ.

"ಇನ್ನೂ ಸಾವಕಾಶ ಊದ್ರಿ. ಚಹಾ ಊದಿದಂಗ ಊದಬ್ಯಾಡ್ರಿ."

ಸಾವಕಾಶ ಊದಿದೆ. ಹೊಸ ಚರ್ಮ ತಿಳಿ ಗುಲಾಬಿ, ಒಳಗಿನ ನೀಲಿ ನರ ಕಾಣುವಷ್ಟು ತೆಳು. ಉಸಿರು ತಾಕಿದಾಗೆಲ್ಲ ಅವಳು ಕಣ್ಣು ಅರ್ಧ ಮುಚ್ಚುತ್ತಿದ್ದಳು. ಚಿಗವ್ವ, ಅಲ್ಲಿ ಏನಾಯಿತೆಂದು ಹೇಗೆ ಬರೆಯಲಿ? ನನ್ನ ಕೈಯಲ್ಲಿ ಆ ಅಂಗೈಗಳಿದ್ದವು, ಬೇರೆ ಏನೂ ಇರಲಿಲ್ಲ. ಹದಿನೆಂಟನೆಯ ತಾರೀಖು ಎಲ್ಲೂ ಇರಲಿಲ್ಲ. ನಾನು ಕೈ ಮುಗಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಮನಸ್ಸಿನಲ್ಲೇ ಅವನ ಮೇಲೆ ರೇಗಿದೆ: "ನೀನು ಇರುವುದಾದರೆ ಇಲ್ಲಿರು. ಗೋಡೆಯ ಮೇಲೆ ಬೇಡ, ಮುಂದಿನ ವಾರ ಬೇಡ. ಈ ಕೈ ತುರಿಸುತ್ತಿದೆ, ಈಗ ಇಲ್ಲಿರು."

ಅವನು ಇದ್ದ.

ಇದಕ್ಕಿಂತ ದೊಡ್ಡದಾಗಿ ಹೇಳಲು ನನಗೆ ಬರುವುದಿಲ್ಲ. ಬೆಳಕು ಬೀಳಲಿಲ್ಲ, ದನಿ ಕೇಳಲಿಲ್ಲ. ಪಕ್ಕದ ಮನೆಯ ಟಿವಿ ಕೂಗುತ್ತಲೇ ಇತ್ತು. ಎದೆಯ ಬಡಿತ ಮಾತ್ರ ತಾನಾಗಿ ಇಳಿಯಿತು. ತಿಂಗಳುಗಟ್ಟಲೆ ನಾನು ಕೂತಿದ್ದ ಆ ಹುಟ್ಟದ ದಿನದಿಂದ ಯಾರೋ ನನ್ನನ್ನು ಎಬ್ಬಿಸಿ ಕರೆತಂದು ಈ ಕಟ್ಟೆಯ ಮೇಲೆ ಕೂರಿಸಿದಂತಾಯಿತು. ನೀನು ಬರೆದದ್ದು ಸರಿ. ನೀನು ಅದನ್ನು ಬರೆದ ಹೊತ್ತು ಮಾತ್ರ ತಪ್ಪು. ಕದ್ದ ಕೈಯಲ್ಲೇ ಪ್ರಸಾದ ಕೊಟ್ಟರೆ ಯಾರು ತಿನ್ನುತ್ತಾರೆ?

ಆಗ ದುರಗಪ್ಪನವರು ಬಂದರು, ಹಿಂದೆಯೇ ಗುಡ್ಡವ್ವ. ಕಟ್ಟಿಕೊಂಡು ಹೋಗಿದ್ದ ಭಾಷಣದ ಒಂದು ಅಕ್ಷರವೂ ನೆನಪಾಗಲಿಲ್ಲ.

"ನಾ ಅವತ್ತು ಸುಳ್ಳು ಹೇಳಿದ್ನ್ರಿ" ಎಂದೆ. "ನಾ ಅಂಜೀನಿ. ಭಾಳ ಅಂಜೀನಿ. ಅರ್ಜಿ ಹಿಂದಕ್ಕ ತಗೋಬೇಕು ಅಂತ ನಮ್ಮ ಚಿಗವ್ವನ ಮುಂದ ಅತ್ತೇನಿ. ತಗೊಳ್ಳಿಲ್ಲ."

ದುರಗಪ್ಪನವರು ಹೆಗಲ ಮೇಲಿನ ಟಾವೆಲ್ ತೆಗೆದು ಕಟ್ಟೆ ಝಾಡಿಸಿ ನನ್ನ ಎದುರು ಕೂತರು.

"ಈಗ ಖರೇ ಮಾತಾತು ನೋಡ್ರಿ. ನೀವು ಬಂದಾಗೊಮ್ಮೆ ನಾ ಅಂಜೂದಿಲ್ಲ, ನಾ ಅಂಜೂದಿಲ್ಲ ಅಂತಿದ್ರಿ. ನಾ ಏನ್ ಅಂದ್ಕೊಂಡೆ ಹೇಳಲ್ಯಾ? ಈಕಿಗೆ ಕಳಕೊಳ್ಳಾಕ ಏನೂ ಇಲ್ಲ, ಪ್ಯಾಟ್ಯಾಗ ಕಲ್ತಾಕಿ, ನಮ್ಮನ್ನ ಮುಂದ ನೂಕಿ ತಾ ಇನ್ನೊಂದು ಸಾಲಿಗೆ ಹೋಗ್ತಾಳ, ಅಂತ."

"ಹಂಗ ಅಂದ್ಕೊಂಡಿದ್ರೇನು?"

"ಮತ್ತ? ಅಂಜಿಕಿ ಇಲ್ಲದವರನ್ನ ನಂಬೂದು ಹೆಂಗ್ರಿ?"

ಗುಡ್ಡವ್ವ ಕೊಡ ಇಳಿಸುತ್ತ ಒಳಗಿನಿಂದ ಕೂಗಿದರು: "ಎಲ್ಲಾ ಅಂಜವರು ಕೂಡಿ ಹೋಗೂಣ ಬಿಡ್ರಿ. ದಾರ್ಯಾಗ ಒಬ್ಬರಿಗೊಬ್ಬರು ಬೈಕೋತ ಹೋದ್ರ ಧಾರವಾಡ ಲಗೂ ಬರ್ತೈತಿ."

ಅವರು ಬರುತ್ತಾರೆ, ಚಿಗವ್ವ. ಮೂವರೂ. ನಾನು ಎಷ್ಟು ಮೂರ್ಖಳು ನೋಡು. ನನ್ನ ಧೈರ್ಯ ನೋಡಿ ಅವರು ಬರುತ್ತಾರೆಂದು ನಟಿಸಿದೆ, ಆ ನಟನೆಯೇ ಅವರನ್ನು ದೂರ ಇಟ್ಟಿತ್ತು.

ನಿನ್ನೆ ಹೆಡ್ಮಾಸ್ತರರು ಸರ್ಟಿಫಿಕೇಟು ಎಲ್ಲಿ ಎಂದು ಕೇಳಿದರು. ಸ್ಟಾಫ್ ರೂಮಿನಲ್ಲಿ, ಎಲ್ಲರೆದುರು.

"ಟೀಚರಿಗೆ ಅಂಜಿಕಿ ರೋಗ ಐತಿ, ಡಾಕ್ಟರಿಗೆ ತೋರಿಸ್ರಿ ಅಂದ್ರ ತೋರಿಸವಲ್ರು" ಎಂದರು.

"ಹೌದ್ರಿ ಸರ್, ಅಂಜೀನಿ. ಬರಕೋರಿ" ಎಂದೆ. "ಅಂಜಿದರೂ ಅರ್ಜಿ ಹಿಂದಕ್ಕ ತಗೊಳ್ಳಾಕಿ ಅಲ್ಲ ಅಂತ ಅದರ ಕೆಳಗ ಬರಕೋರಿ. ನನ್ನ ಸರ್ಟಿಫಿಕೇಟ್ ಆಮ್ಯಾಲ. ಮಕ್ಕಳ ಕೈಯಾಗ ಆಸಿಡ್ ಕೊಟ್ಟವರದು ಮೊದಲು ತರಸ್ರಿ."

ಅವರ ಬಳಿ ಇದ್ದದ್ದು ಆ ಒಂದೇ ಮಾತು, ಅದನ್ನು ನಾನೇ ಹೇಳಿಬಿಟ್ಟಿದ್ದೆ. ಅವರ ಮುಖ ಕೆಂಪಾಯಿತು. ಕೂಗಾಡುತ್ತಾರೆಂದು ಕಾದೆ. ಕೂಗಾಡಿದರು. ನನ್ನ ಕೈ ಆಗಲೂ ನಡುಗುತ್ತಿತ್ತು, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆ.

ಶಾಂತಿ ಎಂದರೆ ಸಿಟ್ಟು ಆರುವುದು ಎಂದು ತಿಳಿದಿದ್ದೆ, ಅದಕ್ಕೇ ನಿನ್ನ ಶಾಂತಿಯ ಮೇಲೆ ಉಗುಳುತ್ತಿದ್ದೆ. ನನ್ನ ಸಿಟ್ಟು ಆರಿಲ್ಲ. ಚಿಂತೆ ಹೋಗಿದೆ. ಎರಡೂ ಒಂದೇ ಒಲೆಯ ಬೆಂಕಿ ಎಂದುಕೊಂಡಿದ್ದೆ. ಚಿಂತೆಯಲ್ಲೆಲ್ಲ ನಾನೇ ತುಂಬಿದ್ದೆ: ನನ್ನ ಕೆಲಸ, ನನ್ನ ಹೆಸರು, ನನ್ನ ಸೋಲು. ಸಿಟ್ಟಿನಲ್ಲಿ ಆ ಹುಡುಗಿ ಇದ್ದಾಳೆ. ಚಿಂತೆ ಮತ್ತೆ ಬರುವುದಿಲ್ಲ ಎಂದು ಹೇಳುತ್ತಿಲ್ಲ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಬಂದಿತ್ತು. ಮೇಲಿನ ಕಂಬಿಯನ್ನು ಹಿಡಿದುಕೊಂಡು, ತಣ್ಣಗಿದೆ ಈ ಕಂಬಿ, ಇಲ್ಲಿರು ಎಂದೆ. ಎರಡು ಸ್ಟಾಪಿನ ನಂತರ ಅದು ಇಳಿದುಹೋಯಿತು. ನನ್ನ ಪ್ರಾರ್ಥನೆ ಇಷ್ಟೇ. ನಿನ್ನ ಸಭೆಯವರು ಇದನ್ನು ಪ್ರಾರ್ಥನೆ ಎನ್ನುತ್ತಾರೋ ಇಲ್ಲವೋ, ನನಗೆ ಅವರ ಒಪ್ಪಿಗೆ ಬೇಕಿಲ್ಲ. ನಿನ್ನನ್ನು ಸರಪಳಿಯಿಂದ ತೆಗೆದವರ ಒಪ್ಪಿಗೆಯಂತೂ ಬೇಡವೇ ಬೇಡ. ತಪ್ಪು ಮಾಡಿದಾಗ ಸುಮ್ಮನಿದ್ದರು, ತಪ್ಪೆಂದು ಒಪ್ಪಿಕೊಂಡಾಗ ಹೊರಗೆ ಹಾಕಿದರು! ಅವರ ಮೇಲೆಯೂ ನನಗೆ ಒಂದು ಅರ್ಜಿ ಬರೆಯುವುದಿದೆ, ಇದು ಮುಗಿಯಲಿ.

ನೀನು ಮಾಡಿದ್ದು ತಪ್ಪು. ಕ್ಷಮಿಸಿದ್ದೇನೆ, ಆದರೂ ಅದು ತಪ್ಪೇ. ನನ್ನ ಭಯವನ್ನು ಹೇಳುವುದು ಬಿಡುವುದು ನನ್ನದಾಗಿತ್ತು. ಗುರುವಾರ ನಾನೇ ಹೇಳಿದೆ, ನಿನ್ನೆಯೂ ನಾನೇ ಹೇಳಿದೆ, ಅದಕ್ಕೇ ಅದು ಕೆಲಸ ಮಾಡಿತು. ಸುಳ್ಳು ಬರೆದುಕೊಡು ಎಂದು ನಿನ್ನನ್ನು ಒತ್ತಾಯಿಸಿದ್ದು ನನ್ನ ತಪ್ಪು. ನೀನು ಹಾಳೆ ಹರಿದದ್ದು ಒಳ್ಳೆಯದಾಯಿತು. ಬರೆದು ಕಳಿಸಿದ್ದರೆ ನಾನದನ್ನು ದುರಗಪ್ಪನವರ ಮುಂದೆ ಹಿಡಿಯುತ್ತಿದ್ದೆ, ಅವರು ಕಪ್ಪು ನೋಡಿದಂತೆಯೇ ಅದನ್ನೂ ನೋಡುತ್ತಿದ್ದರು.

ಈಗ ಕರೆಯುತ್ತಿದ್ದೇನೆ, ಬಾ. ಆಡಳಿತ ಮಂಡಳಿಯವರು ವಕೀಲರನ್ನು ತರುತ್ತಾರಂತೆ. ನನ್ನ ತಲೆ ಸರಿಯಿಲ್ಲ ಎಂಬ ಮಾತು ಎತ್ತಿದರೆ ನೀನು ಎದ್ದು ನಿಂತು, "ಹೆದರಿದ್ದಳು, ಆದರೂ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ" ಎಂದು ನನಗೆ ಬರೆದೆಯಲ್ಲ, ಅಷ್ಟನ್ನೇ ಹೇಳಬೇಕು. ಹೆಚ್ಚು ಬೇಡ, ಅಳಬೇಡ. ಕಚೇರಿಯ ಪಡಸಾಲೆಯಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಬೇಡ. ಋತುಜಾಳ ಕೈಯನ್ನು ನೋಡು, ಆದರೆ ಅವಳನ್ನು ಕೇಳಿ ನೋಡು. ಸಭೆಗೆ ನನ್ನ ಹೆಸರನ್ನು ನಾನಿನ್ನೂ ಕೊಡುವುದಿಲ್ಲ.

ಬೀದರಿನಿಂದ ರವಿವಾರದ ಬಸ್ಸು ಹತ್ತು. ಧಾರವಾಡದಲ್ಲಿ ಇಳಿದು ಆಟೊದವನಿಗೆ ಜಿಲ್ಲಾಧಿಕಾರಿ ಕಚೇರಿ ಎನ್ನು. ನಿನ್ನ ನಂಬರು ಬಿಡಿಸಿದ್ದೇನೆ, ಆದರೆ ದಾರಿ ತಪ್ಪಿದರೆ ಮಾತ್ರ ಫೋನ್ ಮಾಡು. ಉಳಿದದ್ದೆಲ್ಲ ಮುಖ ನೋಡಿ ಜಗಳವಾಡುವುದಿದೆ.

ಆಗಸ್ಟ್ ಹದಿನೆಂಟು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ, ಕಚೇರಿಯ ಗೇಟಿನ ಮುಂದೆ.

ಜಯಾ